ಕುದುರೆಯ ಕಿವಿಯ ಉಣ್ಣೆ ತೆಗೆದ ಮಧ್ಯಾಹ್ನ

ಮೊನ್ನೆ ನಮ್ಮ ಹಿತ್ತಲಲ್ಲಿ ಕುದುರೆ ಮರಿ ಹಾಕಿತು. ಹೆಣ್ಣು ಮರಿ! ಹುಟ್ಟಿದ ಒಂದು ತಾಸಿಗೆ ಎದ್ದು ನಿಂತು, ನನ್ನ ಸೀರೆಯ ಸೆರಗನ್ನೇ ತಾಯಿಯ ಮೊಲೆ ಎಂದು ತಿಳಿದು ಚೀಪಿತು. ನಾನು ನಕ್ಕ ನಗುವಿಗೆ ಅರ್ಧ ಓಣಿ ಬಂದು ನಿಂತಿತು. ಈ ವಯಸ್ಸಿನಲ್ಲಿ ಇಷ್ಟು ಸಂತೋಷ ಎದೆಯಲ್ಲಿ ಹಿಡಿಸುತ್ತದೆಯೇ ಎಂದು ನನಗೇ ಭಯವಾಯಿತು.

ಮರುದಿನ ಪಶು ಇಲಾಖೆಯ ಡಾಕ್ಟರು ಬಂದರು. ತಾಯಿ ಕುದುರೆಯನ್ನು ಗೊರಸಿನಿಂದ ಹೆಗಲಿನವರೆಗೆ ಟೇಪು ಹಿಡಿದು ಅಳೆದರು. ಇಂಥ ಸಣ್ಣ ಜಾತಿಯ ನಾಡಕುದುರೆ ನಮ್ಮ ಕಡೆ ಮುಗಿದೇ ಹೋಗಿದೆ, ಉಳಿದ ನಾಲ್ಕನ್ನು ಉಳಿಸಿಕೊಳ್ಳಬೇಕು ಎಂದರು. ಆಮೇಲೆ ಕಾಗದ ತೆಗೆದು ಕೇಳಿದರು.

"ಅಜ್ಜಿ, ಇವುಗಳ ಮೂಲದ ಗಂಡು ಯಾವುದು? ಎಲ್ಲಿಂದ ತಂದದ್ದು?"

ನನ್ನ ಮೊಮ್ಮಗಳು ನನ್ನ ಮುಖ ನೋಡಿದಳು. ಅವಳಿಗೆ ಗೊತ್ತು.

"ಅದು ನಿಂತ ಕಾಲಮ್ಯಾಲ ಹೇಳೋ ಮಾತಲ್ಲ ಸಾಹೇಬ್ರ, ಬರದ ಕೊಡ್ತೀನಿ" ಎಂದೆ. ಅವರು ನಕ್ಕು ಹೋದರು. ಮುದುಕಿ ಏನು ಬರೆಯುತ್ತಾಳೆ ಎಂದುಕೊಂಡಿರಬೇಕು. ಬರೆಯುತ್ತೇನೆ. ಶಾಲೆಯ ಹೊಸ್ತಿಲು ನಾನು ತುಳಿದವಳಲ್ಲ. ಈ ಮೊಮ್ಮಗಳೇ ಮೂರನೇ ಇಯತ್ತೆಯಲ್ಲಿದ್ದಾಗ ಒಲೆಯ ಬೂದಿ ಹರವಿ, ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದಳು. ತಪ್ಪು ಸಿಕ್ಕರೆ ಅವಳನ್ನು ಬೈಯಿರಿ.

ನಾವು ಕುರಿಯವರು. ವರ್ಷದಲ್ಲಿ ಎಂಟು ತಿಂಗಳು ಅಡವಿಯಲ್ಲೇ. ಲಿಂಗಸುಗೂರಿನ ಕಲ್ಲುಭೂಮಿಯಿಂದ ಇಳಿದು, ಮಸ್ಕಿಯ ಗುಡ್ಡ ಬಳಸಿ, ಸಿಂಧನೂರಿನ ಎರೆಹೊಲಗಳಿಗೆ ಹೋಗಿ ಕುರಿ ನಿಲ್ಲಿಸುವುದು. ಗೊಬ್ಬರ ಹೊಲದವರಿಗೆ, ಜೋಳ ನಮಗೆ. ಮಳೆ ಬಿದ್ದ ಮೇಲೆ ಮತ್ತೆ ಮೇಲಕ್ಕೆ. ಗಂಡಸರು ಕುರಿಯ ಹಿಂದೆ ಹೋಗಿಬಿಡುತ್ತಾರೆ. ಬಿಡಾರ ಕೀಳುವುದು, ಹೇರುವುದು, ಮತ್ತೊಂದು ಕಡೆ ಇಳಿಸಿ ಹೂಡುವುದು ಹೆಂಗಸರ ಕೆಲಸ. ಆ ಬಿಡಾರವೆಲ್ಲ ಕುದುರೆಯ ಬೆನ್ನ ಮೇಲೆ. ಗುಡಾರದ ಗಳ, ಕಂಬಳಿ, ಗಡಿಗೆ, ಬೀಸುಕಲ್ಲು, ಎರಡೂ ಕಡೆ ಚೀಲದಲ್ಲಿ ತಲೆ ಹೊರಹಾಕಿ ಕೂತ ಎಳೆಯ ಕುರಿಮರಿಗಳು, ಅದರ ಮೇಲೊಂದು ಕೋಳಿ, ಕೋಳಿಯ ಪಕ್ಕದಲ್ಲಿ ನಮ್ಮ ಮಕ್ಕಳು. ಕುದುರೆ ಎಂದರೆ ನನ್ನ ಎದೆಯ ಮಟ್ಟಕ್ಕೆ ಬರುವಂಥದ್ದು. ಪೇಟೆಯವರು ತಟ್ಟು ಎಂದು ನಗುತ್ತಿದ್ದರು. ನಗಲಿ. ಹಿಡಿ ಹುಲ್ಲು ತಿಂದು, ಕಲ್ಲಿನ ಮೇಲೆ ಆಡಿನಂತೆ ಕಾಲಿಟ್ಟು, ಅಷ್ಟೆಲ್ಲ ಹೊತ್ತು ನಡೆಯುವ ಪ್ರಾಣಿ ಅದೊಂದೇ.

ಹೀಗಾಗಿ ನಮ್ಮಲ್ಲಿ ಹೆಣ್ಣು ಕುದುರೆ ಹೆಂಗಸರದ್ದು. ಮಗಳ ಮದುವೆಗೆ ತಾಯಿ ತನ್ನ ಕುದುರೆಯ ಹೆಣ್ಣು ಮರಿಯನ್ನು ಕೊಡಬೇಕು. ಬಂಗಾರ ಇಲ್ಲದೆ ಮದುವೆ ಆಗುತ್ತಿದ್ದವು, ಕುದುರೆಮರಿ ಇಲ್ಲದೆ ಆಗುತ್ತಿರಲಿಲ್ಲ. ಗುರುಗುಂಟಾದ ಕಡೆಯಿಂದ ಹದಿಮೂರು ವರ್ಷದ ನಾನು ಗಂಡನ ಬಿಡಾರಕ್ಕೆ ಬಂದಾಗ ನನ್ನ ಹಿಂದೆ ಒಂದು ಮರಿ ಬಂತು. ಅದು ದೊಡ್ಡದಾಗಿ ಒಂದು ಕಂದು ಬಣ್ಣದ ಹೆಣ್ಣು ಮರಿ ಹಾಕಿ, ಆಮೇಲೆ ಹಾವು ಕಚ್ಚಿ ಸತ್ತಿತು. ನಾನು ಹೇಳುತ್ತಿರುವುದು ಆ ಕಂದು ಕುದುರೆಯ, ನಮ್ಮ ಕಂದಿಯ ಕಥೆ.

ರಜಾಕಾರರ ಗದ್ದಲ ನಡೆದ ವರ್ಷ ನಮ್ಮ ಕುದುರೆಗಳಿಗೆ ಕೇಡುಗಾಲ ಹಿಡಿಯಿತು. ಬಂದೂಕು ಹಿಡಿದವರು ಬಂದು ಬಿಡಾರ ಬಿಡಾರದಿಂದ ಕುದುರೆ ಬಿಚ್ಚಿಕೊಂಡು ಹೋದರು. ನನ್ನ ಮಗಳಿಗೆಂದು ಇಟ್ಟುಕೊಂಡಿದ್ದ, ಕಂದಿಯ ಮೊದಲ ಹೆಣ್ಣು ಮರಿಯೂ ಹೋಯಿತು. ಹಗ್ಗ ಕಡಿದ ಗೂಟ ಒಂದೇ ಉಳಿಯಿತು. ಅಂದು ನನ್ನ ಮಾವನ ಜೊತೆ ದೂರದ ಅಡವಿಗೆ ಹೋಗಿದ್ದ ಕಂದಿ ಮಾತ್ರ ತಪ್ಪಿಸಿಕೊಂಡಿತು. ಉಳಿದವರು ಹೆದರಿ ಸಿಕ್ಕವರಿಗೆ ಮಾರಿಕೊಂಡರು. ಆ ಮಳೆಗಾಲದ ಕೊನೆಯಲ್ಲಿ ನನ್ನ ಮಾವ ತೀರಿಕೊಂಡರು. ನಮ್ಮ ಐದಾರು ಬಿಡಾರಗಳಿಗೆ ಅವರೇ ಹಿರಿಯರು. ಆ ಸುತ್ತಲಿಗೆ ನಮ್ಮ ಸಣ್ಣ ಜಾತಿಯ ಬೀಜದ ಗಂಡುಕುದುರೆ ಎಂದು ಉಳಿದಿದ್ದದ್ದು ಅವರು ಏರುತ್ತಿದ್ದ ಬೂದು ಕುದುರೆ ಒಂದೇ.

ಇಲ್ಲಿ ನಮ್ಮವರ ಒಂದು ರೂಢಿ ಹೇಳಬೇಕು. ಬಿಡಾರದ ಹಿರಿಯ ಸತ್ತರೆ ಅವನ ಕುದುರೆಯನ್ನು ಮತ್ತೊಬ್ಬ ಏರುವಂತಿಲ್ಲ, ಮಾರುವಂತಿಲ್ಲ. ಹನ್ನೊಂದನೆಯ ದಿನ ಅದರ ಹಣೆಗೆ ಅರಿಶಿನ ಹಚ್ಚಿ, ಕೊರಳಿಗೆ ಅವನದೇ ಗಂಟೆ ಕಟ್ಟಿ, ಮುಖ ಗುಡ್ಡಕ್ಕೆ ತಿರುಗಿಸಿ ಮೈಲಾರಲಿಂಗನ ಹೆಸರಿನಲ್ಲಿ ಬಿಟ್ಟುಬಿಡಬೇಕು. ಬಿಟ್ಟವರು ತಿರುಗಿ ನೋಡಬಾರದು. ಅಂದಿನಿಂದ ಅದು ದೇವರ ಕುದುರೆ. ಅದರ ಮೇಲೆ ಸತ್ತ ಹಿರಿಯ ಕೂತಿರುತ್ತಾನೆ. ಅದರ ಗಂಟೆ ಕೇಳಿದರೆ ಹೆಣ್ಣು ಕುದುರೆಯನ್ನು ಗೂಟಕ್ಕೆ ಬಿಗಿದು, ಎರಡೂ ಕಿವಿಗೆ ಹಸಿ ಉಣ್ಣೆ ತುರುಕಬೇಕು. ಅದು ಕೇಳಿಸಿಕೊಂಡು ಹೋಗಿ ದೇವರ ಕುದುರೆಯಿಂದ ಗಬ್ಬವಾದರೆ, ಆ ಮನೆಯಲ್ಲಿ ವರ್ಷ ತುಂಬುವುದರೊಳಗೆ ಒಂದು ಸಾವು ಆಗುತ್ತದೆ. ಹಿಂದಿನ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ, ಅಡವಿಯ ತುಂಬ ಗಂಡುಕುದುರೆಗಳು ಇದ್ದವು. ನಮ್ಮ ಕಾಲಕ್ಕೆ ಉಳಿದದ್ದು ಒಂದು. ಅದನ್ನೇ ಗುಡ್ಡಕ್ಕೆ ಬಿಟ್ಟು, ನಾವೇ ನಮ್ಮ ಕುದುರೆಗಳ ಕಿವಿ ಮುಚ್ಚಿಕೊಂಡು ಕೂತೆವು. ಏಳು ವರ್ಷ!

ಆ ಗಂಟೆಯನ್ನು ನಾನು ಹೇಗೆ ವರ್ಣಿಸಲಿ? ಮಾವನ ಗಂಟೆ ಒಂದು ಕಡೆ ಸೀಳಿತ್ತು. ಒಂದು ಬಡಿತ ಠಣ್ ಎನ್ನುತ್ತಿತ್ತು, ಮರು ಬಡಿತ ಮಡಕೆಯ ಹಾಗೆ ಠಕ್. ಅಂಥ ಗಂಟೆ ಮತ್ತೊಂದಿರಲಿಲ್ಲ. ಕೇಳುತ್ತಿದ್ದದ್ದು ಕತ್ತಲಲ್ಲೂ ಅಲ್ಲ, ಮಟಮಟ ಮಧ್ಯಾಹ್ನದಲ್ಲಿ. ಮಸ್ಕಿಯ ಗುಡ್ಡದಲ್ಲಿ ಅಕ್ಷರ ಕೊರೆದ ಬಂಡೆ ಇದೆಯಲ್ಲ, ಅದರ ಆಚೆ ಬಗಲಿಗೆ ನಮ್ಮ ಬಿಡಾರ ಬೀಳುತ್ತಿತ್ತು. ಬಂಡೆಯ ಮೇಲಿನ ಅಕ್ಷರ ನನಗೆ ಆಗ ಗೊರಸಿನ ಗುರುತಿನಂತೆ ಕಾಣುತ್ತಿದ್ದವು, ಯಾವುದೋ ಸಣ್ಣ ಕುದುರೆ ಬಂಡೆಯ ಮೇಲೆ ನಡೆದು ಹೋದ ಹಾಗೆ. ಬಿಸಿಲಿಗೆ ಗುಡ್ಡ ನಡುಗುತ್ತಿರುತ್ತದೆ, ಹಕ್ಕಿ ಸಹ ಬಾಯಿ ತೆರೆದು ಸುಮ್ಮನೆ ಕೂತಿರುತ್ತದೆ, ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆಯಿಟ್ಟು ನಿಂತಿರುತ್ತವೆ. ಆಗ ಮೇಲಿನಿಂದ ಠಣ್. ಸ್ವಲ್ಪ ಹೊತ್ತಿಗೆ ಠಕ್. ಕಣ್ಣಿಟ್ಟು ನೋಡಿದರೆ ಬಂಡೆ, ಬಿಸಿಲು, ಬೇರೇನೂ ಇಲ್ಲ.

ನಾವೆಲ್ಲ ಮುಖ ತಿರುಗಿಸಿ ಕೂರುತ್ತಿದ್ದೆವು. ಹೆದರದೆ ಇದ್ದವಳು ನನ್ನ ಅತ್ತೆ ಒಬ್ಬಳೇ. ಸತ್ತವ ಅವಳ ಗಂಡ ತಾನೆ. ಕುದುರೆಯ ಕಿವಿಗೆ ಉಣ್ಣೆ ತುರುಕಿದ ಮೇಲೆ, ಒಂದು ಮಣ್ಣಿನ ಪರಿಯಾಣದಲ್ಲಿ ನುಚ್ಚಿನ ಗಂಜಿ ಹಾಕಿಕೊಂಡು, ಸೆರಗು ತಲೆಗೆ ಹೊದ್ದು, ಗುಡ್ಡದ ಬುಡದ ಚಪ್ಪಟೆ ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದಳು. ಬರುತ್ತ ಗುಡ್ಡಕ್ಕೆ ಕೂಗಿ ಹೇಳುವಳು.

"ಇದ್ದಾಗ ತಿಂಗಳಿಗೊಮ್ಮಿ ಬಿಡಾರ ಕಾಣ್ತಿದ್ದಿಲ್ಲ, ಈಗ ದಿನಾ ಉಣ್ಣಾಕ ಬರ್ತೀ ನೋಡು! ನಾಚಿಕಿ ಬರ್ತೈತಿಲ್ಲೋ ನಿನಗ?"

ಮರುದಿನ ಪರಿಯಾಣ ನೆಕ್ಕಿದ ಹಾಗೆ ಖಾಲಿ ಇರುತ್ತಿತ್ತು. ಸುತ್ತ ಗೊರಸಿನ ಗುರುತು. ನಾನು ನನ್ನ ಅಂಗೈ ಇಟ್ಟು ನೋಡಿದ್ದೇನೆ, ನಮ್ಮ ಕಂದಿಯ ಗೊರಸಿನಷ್ಟೇ ಸಣ್ಣವು. ಅತ್ತೆಗೆ ತೋರಿಸಿದರೆ, "ಮತ್ತೇನು, ನಿಮ್ಮ ಮಾವ ಬರಿಗಾಲಾಗ ಬರ್ತಾನಂತ ತಿಳ್ದಿದ್ದೇನು?" ಎಂದಳು.

ಈ ಏಳು ವರ್ಷದಲ್ಲಿ ನನ್ನ ಮಗಳು ದೊಡ್ಡವಳಾದಳು. ಅವಳನ್ನು ತುರ್ವಿಹಾಳದ ಕಡೆಯ ಬಿಡಾರಕ್ಕೆ ಕೊಟ್ಟೆವು. ಕೊಡಲು ಮರಿ ಇರಲಿಲ್ಲ. ಮದುವೆಯ ಹಂದರದಲ್ಲೇ ಬೀಗತಿ ಎಲ್ಲರಿಗೂ ಕೇಳುವಂತೆ ಕೇಳಿದಳು.

"ನಿಮ್ಮ ಮಗಳ ಕುದುರಿ ಹಿಂದಿಂದ ಬರಾಕತ್ತೈತೇನ್ರೀ? ದಾರಿಗೀರಿ ತಪ್ಪೈತೇನು?"

ನಾನು ನೆಲ ನೋಡಿದೆ. ಅವಳ ಮಾತಿನಲ್ಲಿ ಕೊಂಕು ಇದ್ದರೂ ತಪ್ಪಿರಲಿಲ್ಲ. ಆ ಬಿಡಾರದಲ್ಲೂ ಕುದುರೆ ಉಳಿದಿರಲಿಲ್ಲ. ಕುದುರೆ ಇಲ್ಲದ ಬಿಡಾರದಲ್ಲಿ ಹೊರುವವರು ಯಾರು? ಹೆಂಗಸರು. ಗಳ ಹೆಗಲ ಮೇಲೆ, ಬೀಸುಕಲ್ಲು ತಲೆಯ ಮೇಲೆ, ಕುರಿಮರಿ ಕಂಕುಳಲ್ಲಿ. ನನ್ನ ಮಗಳು ಮೊದಲ ಬಸಿರಿನಲ್ಲಿ ಹಾಗೆಯೇ ಹೊತ್ತು ನಡೆದಳು. ಏಳನೆಯ ತಿಂಗಳಲ್ಲಿ ದಾರಿಯ ಬದಿಯ ಜಾಲಿಗಿಡದ ಕೆಳಗೆ ಕೂಸು ಬಂತು, ಅಳಲಿಲ್ಲ. ಅಲ್ಲೇ ಮಣ್ಣು ಮಾಡಿ, ಅವಳು ಮತ್ತೆ ಹೊರೆ ಎತ್ತಿಕೊಂಡು ನಡೆದಳಂತೆ. ಕುರಿ ನಿಲ್ಲುವುದಿಲ್ಲವಲ್ಲ.

ಆ ಸುದ್ದಿ ಕೇಳಿದ ದಿನ ನಾನು ನಿಶ್ಚಯ ಮಾಡಿದೆ. ಕಂದಿಗೆ ಇನ್ನೊಂದು ಮರಿ ಆಗಬೇಕು. ಅದು ಹೆಣ್ಣೇ ಆಗಬೇಕು. ಇಲ್ಲದಿದ್ದರೆ ನನ್ನ ಮಗಳು ಹೊರುತ್ತಾಳೆ, ಅವಳ ಹೊಟ್ಟೆಯಲ್ಲಿ ಹುಟ್ಟುವುದೂ ಹೊರುತ್ತದೆ. ಕಂದಿಗೆ ಆಗ ಹದಿನೈದು ತುಂಬಿತ್ತು. ಮೂತಿಯ ಸುತ್ತ ಬಿಳಿ ಬರುತ್ತಿತ್ತು. ಹೆಚ್ಚೆಂದರೆ ಒಂದೆರಡು ಬೇಸಿಗೆ.

ನಾನೂ ನಮ್ಮ ಯಜಮಾನರೂ ಗಂಡು ಹುಡುಕಿಕೊಂಡು ತಿರುಗಿದೆವು. ಲಿಂಗಸುಗೂರಿನಲ್ಲಿ ಇಲ್ಲ. ಹಟ್ಟಿಯ ಕಡೆ ಗಣಿಯವರ ಹತ್ತಿರ ಇದೆ ಎಂದು ಯಾರೋ ಹೇಳಿದರು, ಹೋಗಿ ನೋಡಿದರೆ ಅದು ಕತ್ತೆ. ಸಿಂಧನೂರಿನ ಸಂತೆಯಲ್ಲಿ ಒಬ್ಬ ಜಾನುವಾರು ಬೇಪಾರಿ ಕಂದಿಯ ಬಾಯಿ ತೆರೆದು ಹಲ್ಲು ನೋಡಿದ.

"ಅಕ್ಕಾ, ಕಾಲುವಿ ಕೆಲಸಕ್ಕ ಹೇಸರಗತ್ತೆ ಬೇಕಾಗ್ಯಾವ. ಇದನ್ನ ನನ್ನ ಕತ್ತೆ ಕೂಡ ಬಿಡು. ಇಲ್ಲಂದ್ರ ನನಗ ಕೊಟ್ಟು ಹೋಗು."

"ಹೇಸರಗತ್ತೆಗೆ ಮುಂದ ಮರಿ ಆಗಂಗಿಲ್ಲಲ್ಲೋ ಅಣ್ಣಾ."

"ಮರಿ ತಗೊಂಡು ಏನು ಮಾಡ್ತಿ? ಇನ್ನ ಹತ್ತು ವರ್ಷಕ್ಕ ಎಲ್ಲಾ ಲಾರಿನ. ಕುದುರಿ ಅಂದ್ರ ಮಕ್ಕಳು ಏನದು ಅಂತ ಕೇಳ್ತಾವ."

"ಲಾರಿ ನಮ್ಮ ಗುಡ್ಡ ಹತ್ತತೈತೇನು?"

"ಗುಡ್ಡನ ಉಳಿಯಂಗಿಲ್ಲ ಬಿಡಕ್ಕಾ" ಎಂದು ನಕ್ಕ. ಪಕ್ಕದಲ್ಲಿ ಜಟಕಾದ ಎತ್ತರದ ಕುದುರೆಯೊಂದು ನಿಂತಿತ್ತು. ನಮ್ಮ ಯಜಮಾನರು ಅದನ್ನೇ ನೋಡುತ್ತಿದ್ದರು. ನಾನು ಅವರ ತೋಳು ಹಿಡಿದು ಎಳೆದುಕೊಂಡು ಬಂದೆ. ಸಣ್ಣ ಹೊಟ್ಟೆಯಲ್ಲಿ ದೊಡ್ಡ ಮರಿ ನಿಂತರೆ ತಾಯಿ ಉಳಿಯುವುದಿಲ್ಲ, ಅಷ್ಟು ನನಗೆ ಗೊತ್ತಿತ್ತು.

ಹೋಳಿಹುಣ್ಣಿಮೆ ಕಳೆದು ನಾವು ಮಸ್ಕಿಯ ಗುಡ್ಡದ ಬಗಲಿಗೆ ಬಿಡಾರ ಹೂಡಿದೆವು. ಕಂದಿ ಬೆದೆಗೆ ಬಂದಿತ್ತು. ಬಾಲ ಒಂದು ಕಡೆ ಎತ್ತಿ, ಮೇವು ಬಿಟ್ಟು, ಗುಡ್ಡಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು. ಗಂಡಸರು ಕುರಿ ನೀರಿಗೆ ಹೊಡೆದುಕೊಂಡು ಹೋಗಿದ್ದರು. ನಡು ಮಧ್ಯಾಹ್ನ. ನಾನು ಬೀಸುತ್ತಿದ್ದೆ.

ಠಣ್.

ಬೀಸುಕಲ್ಲು ನಿಂತಿತು. ಅತ್ತೆ ಆಗಲೇ ಉಣ್ಣೆ ತೆಗೆದುಕೊಂಡು ಕುದುರೆಯ ಹತ್ತಿರ ನಡೆದಿದ್ದಳು. ಎರಡೂ ಕಿವಿಗೆ ತುರುಕಿ, ಗಂಜಿ ತೆಗೆದುಕೊಂಡು ಗುಡ್ಡದ ಬುಡಕ್ಕೆ ಹೋದಳು.

ಕಂದಿ ತಲೆ ಅಲ್ಲಾಡಿಸಿತು. ಉಣ್ಣೆ ಬೀಳಲಿಲ್ಲ. ಅದು ನನ್ನ ಕಡೆ ತಿರುಗಿ ನೋಡಿತು. ಕುದುರೆಯ ಕಣ್ಣಿನಲ್ಲಿ ನನ್ನ ಬಿಡಾರವೆಲ್ಲ ಕಾಣುತ್ತಿತ್ತು, ಬೀಸುಕಲ್ಲು, ಗಳ, ನಾನು. ಎಲ್ಲ ಸಣ್ಣದಾಗಿ. ನನಗೆ ಜಾಲಿಗಿಡದ ಕೆಳಗಿನ ಕೂಸು ನೆನಪಾಯಿತು.

ನಾನು ಎದ್ದು ಹೋಗಿ ಒಂದು ಕಿವಿಯ ಉಣ್ಣೆ ತೆಗೆದೆ. ಆಮೇಲೆ ಇನ್ನೊಂದರದು. ಗೂಟದ ಹಗ್ಗ ಬಿಚ್ಚಿದೆ.

ಠಕ್, ಎಂದಿತು ಗುಡ್ಡ.

ಕಂದಿ ಕೆನೆಯಿತು. ಅಷ್ಟು ವರ್ಷ ನನ್ನ ಜೊತೆ ನಡೆದ ಪ್ರಾಣಿ ಅಂಥ ದನಿ ತೆಗೆದದ್ದನ್ನು ನಾನು ಕೇಳಿರಲಿಲ್ಲ. ಮುದಿ ಕುದುರೆ ಮರಿಯ ಹಾಗೆ ನೆಗೆದು ಬಂಡೆಗಳ ನಡುವೆ ಹೋಗಿಬಿಟ್ಟಿತು. ನಾನು ತಕ್ಷಣ ಗುಡ್ಡಕ್ಕೆ ಬೆನ್ನು ಕೊಟ್ಟು, ಸೆರಗು ಮುಖಕ್ಕೆ ಮುಚ್ಚಿ ಕೂತೆ. ಉಣ್ಣೆ ತೆಗೆಯುವಷ್ಟು ಧೈರ್ಯವಿತ್ತು, ತಿರುಗಿ ನೋಡುವಷ್ಟು ಇರಲಿಲ್ಲ.

ಬೆನ್ನ ಹಿಂದೆ ಗಂಟೆ ಇಳಿಯುತ್ತ ಬಂತು. ಠಣ್, ಠಕ್. ಠಣ್, ಠಕ್. ಬಹಳ ಹತ್ತಿರ. ಆಮೇಲೆ ನಿಂತಿತು. ಕುರಿಮರಿಗಳು ಕೂಗುವುದನ್ನು ನಿಲ್ಲಿಸಿದವು. ಆ ಸುಡುವ ಬಿಸಿಲಿನಲ್ಲಿ ನನ್ನ ಕುತ್ತಿಗೆಯ ಹಿಂದೆ ತಣ್ಣಗಾಯಿತು. ಆಗ ನನಗೆ ಒಂದು ಕೆಮ್ಮು ಕೇಳಿಸಿತು. ನನ್ನ ಮಾವ ಬಿಡಾರಕ್ಕೆ ಬರುವ ಮೊದಲು ಹೆಂಗಸರಿಗೆ ಗೊತ್ತಾಗಲಿ ಎಂದು ಎರಡು ಸಲ ಕೆಮ್ಮುತ್ತಿದ್ದರು. ಹಾಗೆಯೇ ಎರಡು ಸಲ. ಕುದುರೆಯೂ ಕೆಮ್ಮುತ್ತದೆ, ನನಗೆ ಗೊತ್ತಿದೆ. ಆದರೂ ನಾನು ಕೂತಲ್ಲೇ ಸೆರಗು ಸರಿಮಾಡಿಕೊಂಡೆ.

ಹೊತ್ತು ಇಳಿದ ಮೇಲೆ ಕಂದಿ ತಾನೇ ಬಂತು. ಮೈ ಬೆವತಿತ್ತು. ಪಕ್ಕೆಯ ಮೇಲೆ ಅಂಗೈ ಅಗಲದ ಹಳದಿ ಗುರುತು ಇತ್ತು. ಗುಡ್ಡದಲ್ಲಿ ಹಳದಿ ಮಣ್ಣೂ ಇದೆ. ಅರಿಶಿನವೋ ಎಂದು ನಾನು ಮೂಸಿ ನೋಡಲಿಲ್ಲ. ಅತ್ತೆ ಬರುವುದರೊಳಗೆ ಒರೆಸಿದೆ. ಕಿವಿಯಿಂದ ತೆಗೆದ ಉಣ್ಣೆಯನ್ನು ಎಸೆಯಲು ಕೈ ಬರಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಅಂದಿನಿಂದ ಗಂಟೆ ನಿಂತುಹೋಯಿತು. ಅತ್ತೆ ಇಟ್ಟ ಗಂಜಿ ಹಾಗೇ ಹುಳಿಯಾಗಿ ಇರುವೆ ಮುತ್ತಿತು. ಅವಳು ದಿನವೂ ಗುಡ್ಡದ ಬುಡಕ್ಕೆ ಹೋಗಿ ನಿಲ್ಲುವಳು. "ಎಲ್ಲಿಗಿ ಹೋದ್ಯೋ?" ಎಂದು ಕೂಗಿದರೆ ಗುಡ್ಡ ಅವಳ ಮಾತನ್ನೇ ತಿರುಗಿ ಕೂಗುತ್ತಿತ್ತು. ಅಷ್ಟೇ.

ಐದನೆಯ ತಿಂಗಳಿಗೆ ಸಿಕ್ಕಿಬಿದ್ದೆ. ಅತ್ತೆ ಕಂದಿಯ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು.

"ಇದು ಯಾರದು?"

"ಏನ ಅತ್ತಿ?"

"ಏನ ಅತ್ತಿ ಅಂತಾಳ! ಹೊಟ್ಟ್ಯಾಗ ಐತಲ್ಲ, ಇದು ಯಾರದಂತ ಕೇಳಾಕತ್ತೀನಿ."

"ಗುಡ್ಡದ್ದು. ಕಿವ್ಯಾಗಿನ ಉಣ್ಣಿ ನಾನ ತಗದೆ."

ನಮ್ಮ ಯಜಮಾನರು ಅಲ್ಲೇ ಕೂತು ಕಂಬಳಿ ಹೊಲಿಯುತ್ತಿದ್ದರು. ದಬ್ಬಣ ಕೈಯಿಂದ ಬಿತ್ತು.

"ನಿನಗ ತಲಿ ಕೆಟ್ಟೈತೇನಲೇ? ವರ್ಷದಾಗ ಮನ್ಯಾಗ ಒಂದು ಹೆಣ ಬೀಳ್ತೈತಿ! ಮಗಳು ಬಸುರಿ ಅದಾಳ, ಅದರ ಖಬರೈತೇನು ನಿನಗ? ನಾಳಿಗೆ ಸಿಂಧನೂರಿಗೆ ಹೊಡ್ಕೊಂಡು ಹೋಗಿ ಆ ಬೇಪಾರಿಗೆ ಕೊಟ್ಟು ಬರ್ತೀನಿ."

ಹೌದು, ಮಗಳು ಮತ್ತೆ ಬಸುರಿಯಾಗಿದ್ದಳು. ಯಾರಿಗಾಗಿ ಉಣ್ಣೆ ತೆಗೆದೆನೋ ಅವಳನ್ನೇ ಆ ಸಾವು ಹುಡುಕಿಕೊಂಡು ಹೋದರೆ? ನಾನು ಅಳುತ್ತ ನಿಂತೆ.

ಅತ್ತೆ ಕಂದಿಯ ಹೊಟ್ಟೆಯಿಂದ ಕೈ ತೆಗೆಯಲೇ ಇಲ್ಲ. ಮಗನ ಕಡೆ ತಿರುಗಿದಳು.

"ಹೆಣ ಬೇಕಂದ್ರ ನಾ ಇಲ್ಲೇನೋ? ಹಲ್ಲು ಹೋಗ್ಯಾವ, ಕಣ್ಣು ಹೋಗಾಕತ್ಯಾವ. ಆ ಮುದುಕ ಕರದ್ರ ನಾ ಹೋಗ್ತೀನಿ. ಏಳು ವರ್ಷ ಗಂಜಿ ಕುಡಿಸೀನಿ ಅವಗ, ನನ್ನ ಬಿಟ್ಟು ಮೊಮ್ಮಗಳ ಮ್ಯಾಲೆ ಕೈ ಹಾಕುವಷ್ಟು ನಿಯ್ಯತ್ತಿಲ್ಲದಾಂವ ಅಲ್ಲ ಅಂವ. ಕುದುರಿ ಹಗ್ಗ ಮುಟ್ಟಿದ್ಯಂದ್ರ ನೋಡು ಮತ್ತ!"

ಆಮೇಲೆ ನನ್ನ ಕಡೆ ನೋಡಿ, ದನಿ ಇಳಿಸಿ, "ಏನಬೇ, ಅಂವ ಕಂಡ್ನೇನು?" ಎಂದು ಕೇಳಿದಳು.

"ಇಲ್ಲ ಅತ್ತಿ. ಕೆಮ್ಮಿದ್ದು ಕೇಳಿತು."

"ಎಷ್ಟು ಸಲ?"

"ಎರಡು."

ಅತ್ತೆ ತಲೆಯಾಡಿಸಿದಳು.

ಅಂದಿನಿಂದ ಅವಳು ಹೋಗುವ ತಯಾರಿ ಮಾಡಿಕೊಂಡಳು. ಇದ್ದ ಒಂದು ಹೊಸ ಸೀರೆಯನ್ನು ಉಡದೆ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು, ಹೆಣಕ್ಕೆ ಹೊದಿಸಲು ಹುಡುಕಾಡಬಾರದೆಂದು. ಕಾಲಕಡಗ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಊಟಕ್ಕೆ ಕೂತಾಗಲೆಲ್ಲ, "ಇದ ಕಡೀದು ಇರಬಹುದು, ಇನ್ನೊಂದು ರೊಟ್ಟಿ ಹಾಕು" ಎನ್ನುವಳು. ಹೀಗೆ ಕಡೆಯ ರೊಟ್ಟಿ ಎಷ್ಟು ತಿಂದಳೋ ದೇವರೇ ಬಲ್ಲ!

ಮಗಳನ್ನು ಹೆರಿಗೆಗೆ ಕರೆದುಕೊಂಡು ಬಂದೆವು. ಹಾದಿಯಲ್ಲಿ ಅವಳ ಕೈಯಲ್ಲಿ ಒಂದು ತಂಬಿಗೆ ಸಹ ಇರಗೊಡಲಿಲ್ಲ. ಬಂದವಳೇ ಕಂದಿಯ ಮೂತಿ ತಬ್ಬಿಕೊಂಡಳು. ಕಂದಿ ಅವಳ ಹೊಟ್ಟೆಗೆ ಮೂಗಿಟ್ಟು, ಬಹಳ ಹೊತ್ತು ಅಲ್ಲೇ ಉಸಿರು ಬಿಡುತ್ತ ನಿಂತಿತು. ನನಗೆ ಅದೂ ಹೆದರಿಕೆಯೇ ಆಯಿತು. ಬೆಳಗಿನಲ್ಲಿ ಎದ್ದು ಮೊದಲು ಅತ್ತೆಯ ಎದೆ ಏರಿಳಿಯುತ್ತಿದೆಯೇ ನೋಡುತ್ತಿದ್ದೆ. ಆಮೇಲೆ ಮಗಳದ್ದು. ಆಮೇಲೆ ಕಂದಿಯ ಪಕ್ಕೆ. ಮೂರೂ ಅಲ್ಲಾಡಿದರೆ ಮಾತ್ರ ಒಲೆ ಹಚ್ಚುವುದು. ಗುಡ್ಡ ಮಾತ್ರ ಸುಮ್ಮನಿತ್ತು. ಗಂಟೆ ಕೇಳುತ್ತಿದ್ದಾಗ ಹೆದರುತ್ತಿದ್ದೆವು. ಕೇಳದಿದ್ದಾಗ ಇನ್ನೂ ಹೆಚ್ಚು ಹೆದರಿದೆವು.

ಯುಗಾದಿಗೆ ಇನ್ನೂ ಎಂಟು ದಿನ ಇರುವಾಗ, ಬೆಳಕು ಹರಿಯುವ ಹೊತ್ತಿಗೆ ಕಂದಿ ಕಾಲು ಚಾಚಿ ಮಲಗಿತು. ಮರಿ ಬಂತು. ಬಂದದ್ದು ಅಲುಗಲಿಲ್ಲ. ಒದ್ದೆಯಾದ ಬೂದು ಗಂಟು, ಅಷ್ಟೇ. ನಮ್ಮ ಯಜಮಾನರು ಮುಖ ತಿರುಗಿಸಿದರು. ಜಾಲಿಗಿಡದ ಕೆಳಗೆ ಕೂತವಳ ಹಾಗೆ ನನ್ನ ಮಗಳು ನೆಲಕ್ಕೆ ಕೂತಳು. ನನ್ನ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಆ ಉಣ್ಣೆ ಬಿಚ್ಚಿ ಮರಿಯ ಮೂಗು, ಬಾಯಿ ಒರೆಸಿದೆ, ಎದೆ ತಿಕ್ಕಿದೆ, ತಿಕ್ಕಿದೆ, ಕೈ ಸೋಲುವ ತನಕ ತಿಕ್ಕಿದೆ.

ಮರಿ ಕೆಮ್ಮಿತು. ಎರಡು ಸಲ.

"ಲೇ! ಮುದುಕನ ಕೆಮ್ಮು!" ಎಂದು ಅತ್ತೆ ಕೂಗಿದಳು. ಕೂಗಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಾನು ಬಾಲ ಎತ್ತಿ ನೋಡಿದೆ. ಹೆಣ್ಣು!

ನಾಲ್ಕು ದಿನಕ್ಕೆ ನನ್ನ ಮಗಳು ಹೆತ್ತಳು. ಅದೂ ಹೆಣ್ಣು. ಹೊರಬಂದ ಗಳಿಗೆಗೇ ಅತ್ತಿತು. ನಾನು ಅಜ್ಜಿಯಾದೆ. ಮೂವತ್ತೈದು ಸಹ ತುಂಬಿರಲಿಲ್ಲ ನನಗೆ. ಕೂಸನ್ನು ಎತ್ತಿಕೊಂಡು ಬಿಡಾರದ ಸುತ್ತ ಹುಚ್ಚಿಯಂತೆ ಓಡಾಡಿದೆ. ಕುರಿಗಳಿಗೆ ತೋರಿಸಿದೆ, ನಾಯಿಗೆ ತೋರಿಸಿದೆ, ಕಂದಿಗೆ ತೋರಿಸಿದೆ. ಅತ್ತೆ ತನ್ನ ತಲೆದಿಂಬಿನ ಕೆಳಗಿನ ಹೊಸ ಸೀರೆ ಎಳೆದು, ಹರಿದು, ಕೂಸನ್ನು ಸುತ್ತಿದಳು.

ಯುಗಾದಿ ಕಳೆಯಿತು. ವರ್ಷದ ಗಡುವು ಮುಗಿಯಿತು. ಮನೆಯಲ್ಲಿ ಯಾರೂ ಸಾಯಲಿಲ್ಲ. ಅತ್ತೆಗೆ ಒಂದು ಥರ ಅವಮಾನವೇ ಆದಂತಿತ್ತು.

ಆಮೇಲೊಂದು ದಿನ, ತಪ್ಪಿಸಿಕೊಂಡ ಕುರಿ ಹುಡುಕುತ್ತ ಗುಡ್ಡ ಹತ್ತಿದ ನಮ್ಮ ಯಜಮಾನರು ಕೈಯಲ್ಲಿ ಗಂಟೆ ಹಿಡಿದುಕೊಂಡು ಇಳಿದು ಬಂದರು. ಎರಡು ಬಂಡೆಗಳ ನಡುವೆ ಸಣ್ಣ ಕುದುರೆಯ ಎಲುಬುಗಳಿದ್ದವಂತೆ, ಬಿಸಿಲಿಗೆ ಸುಣ್ಣದಂತೆ ಬೆಳ್ಳಗಾಗಿ. ಸೀಳಿದ ಗಂಟೆ, ಮಾವನದೇ. ಅತ್ತೆ ಅದನ್ನು ತೆಗೆದುಕೊಂಡು ಅಲ್ಲಾಡಿಸಿದಳು. ಸದ್ದಿಲ್ಲ. ತಿರುಗಿಸಿ ನೋಡಿದೆವು. ಒಳಗೆ ಕಣಜ ಮಣ್ಣುಗೂಡು ಕಟ್ಟಿತ್ತು. ನಾಲಗೆ ಅಲುಗಲು ಜಾಗವೇ ಇಲ್ಲದ ಹಾಗೆ, ಪದರದ ಮೇಲೆ ಪದರ, ಮೂರು ಪದರ.

"ನಿನ್ನ ಕುದುರಿ ಹೋಗಿ ಬಂದ ಮ್ಯಾಲೆ ಇದು ಸತ್ತೈತಿ" ಎಂದರು ಯಜಮಾನರು. "ಕಣಜಕ್ಕ ಮೂರು ಪದರ ಕಟ್ಟಾಕ ಒಂದು ವರ್ಷ ಸಾಕು."

"ಒಂದು ವರ್ಷಕ್ಕ ಒಂದ ಪದರ" ಎಂದಳು ಅತ್ತೆ.

"ಹಂಗಂದ್ರ ಮೊದಲಿನ ಎರಡು ವರ್ಷ ಗಂಜಿ ಯಾರು ಕುಡದ್ರು ಬೇ?"

ಅತ್ತೆ ಕಡ್ಡಿ ತೆಗೆದುಕೊಂಡು ಮಣ್ಣು ಕೆದಕುತ್ತ ಕೂತಳು. ಅಷ್ಟು ವರ್ಷದಲ್ಲಿ ಅವಳು ಗಂಡನಿಗಾಗಿ ಕಣ್ಣೀರು ಹಾಕಿದ್ದನ್ನು ನಾನು ಅಂದೇ ಮೊದಲು ಕಂಡೆ. ಯಾರ ಮಾತು ಸರಿಯೋ ನನಗೆ ಇಂದಿಗೂ ಗೊತ್ತಿಲ್ಲ. ಡಾಕ್ಟರ ಸಾಹೇಬರೇ, ನಿಮ್ಮ ಕಾಗದದಲ್ಲಿ ಗಂಡಿನ ಜಾಗದಲ್ಲಿ ಬೂದು ಕುದುರೆ, ಮಸ್ಕಿಯ ಗುಡ್ಡ, ಎಂದು ಬರೆಯಿರಿ. ಬದುಕಿತ್ತೋ ಸತ್ತಿತ್ತೋ ಎಂದು ಕೇಳಬೇಡಿ.

ಗಂಟೆ ಸಿಕ್ಕ ಸುದ್ದಿ ಅಡವಿಯ ತುಂಬ ಹರಡಿತು. ಗುರುಗುಂಟಾದ ಕಡೆಯಿಂದ ಒಬ್ಬ ಹೆಂಗಸು ನಮ್ಮ ಬಿಡಾರ ಹುಡುಕಿಕೊಂಡು ಬಂದಳು. ನನ್ನನ್ನು ಬದಿಗೆ ಕರೆದು, ಅತ್ತಿತ್ತ ನೋಡಿ ಕೇಳಿದಳು.

"ಯಕ್ಕಾ, ನೀನೂ ಉಣ್ಣಿ ತಗದಿದ್ದೆಂತ, ಖರೇನು?"

"ನೀನೂ ಅಂದ್ರ?"

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮದೂ ಈದೈತಿ. ಗಂಡು ಮರಿ. ಮನ್ಯಾಗ ಜಟಕಾ ಕುದುರಿದು ಅಂತ ಸುಳ್ಳು ಹೇಳೀನಿ. ನೀ ಬಾಯಿ ಬಿಡಬ್ಯಾಡ ಮತ್ತ."

ನಾವಿಬ್ಬರೂ ಕಲ್ಲಿನ ಮರೆಯಲ್ಲಿ ಕೂತು ನಕ್ಕದ್ದು ನಕ್ಕದ್ದೇ. ಮುಂದೆ ಅವಳ ಗಂಡು ಮರಿಯಿಂದಲೇ ನಮ್ಮ ಹಿಂಡು ಬೆಳೆಯಿತು. ಅದು ಹುಟ್ಟಿದ್ದು ಎಲ್ಲಿಂದ ಎಂದು ಅವಳ ಗಂಡನಿಗೆ ಸಾಯುವ ತನಕ ತಿಳಿಯಲಿಲ್ಲ.

ಆರು ತಿಂಗಳಿಗೆ ಮಗಳನ್ನು ಗಂಡನ ಬಿಡಾರಕ್ಕೆ ಕಳಿಸಿದೆವು. ಮರಿ ಹೊರುವಂತಾಗುವ ತನಕ ಇರಲಿ ಎಂದು ಕಂದಿಯನ್ನೂ ಕೊಟ್ಟೆ. ಹೊರೆಯೆಲ್ಲ ಕಂದಿಯ ಮೇಲೆ, ಕೂಸು ಹೊರೆಯ ಮೇಲೆ ಕಟ್ಟಿದ ಜೋಳಿಗೆಯಲ್ಲಿ, ಹಿಂದೆ ಬೂದು ಮರಿ. ಅತ್ತೆ ಗಂಟೆ ತೊಳೆದು ಮರಿಯ ಕೊರಳಿಗೆ ಕಟ್ಟಿದ್ದಳು. ನನ್ನ ಮಗಳು ಎರಡೂ ಕೈ ಬೀಸಿಕೊಂಡು ನಡೆದಳು. ಖಾಲಿ ಕೈ! ಅವಳ ಆ ಕೈಗಳನ್ನು ನೋಡುತ್ತ ನನಗೆ ದಾರಿ ಕಾಣಲಿಲ್ಲ, ಕಣ್ಣಲ್ಲಿ ಅಷ್ಟು ನೀರು.

ಅಕ್ಷರದ ಬಂಡೆಯ ತಿರುವಿನಲ್ಲಿ ಮರಿ ಗಕ್ಕನೆ ನಿಂತಿತು. ನಡು ಮಧ್ಯಾಹ್ನ. ಗಾಳಿ ಇಲ್ಲ, ಕೊರಳಿನ ಗಂಟೆ ಅಲುಗಲಿಲ್ಲ. ಮರಿ ಗುಡ್ಡದ ಕಡೆ ತಿರುಗಿ ಎರಡೂ ಕಿವಿ ನೆಟ್ಟಗೆ ಮಾಡಿತು. ಕಂದಿಯೂ ನಿಂತು ಅದೇ ಕಡೆ ಕಿವಿ ನೆಟ್ಟಿತು. ನಮಗೆ ಯಾರಿಗೂ ಏನೂ ಕೇಳಲಿಲ್ಲ. ಅವುಗಳಿಗೆ ಕೇಳುತ್ತಿತ್ತು.

ನಾನು ಅತ್ತೆಯ ಮುಖ ನೋಡಿದೆ. ಅವಳ ಕೈಯಲ್ಲಿ ಉಣ್ಣೆ ಇರಲಿಲ್ಲ. ಗುಡ್ಡಕ್ಕೆ ಮುಖ ಎತ್ತಿ ಕೂಗಿದಳು.

"ನಿನ್ನ ಮರಿಮಗಳು ಹೊಂಟಾಳೋ, ನೋಡ್ಕೋ! ಕುದುರಿ ಮ್ಯಾಲೆ ಹೊಂಟಾಳ!"

ಮರಿ ಒಮ್ಮೆ ತಲೆ ಕೊಡವಿತು. ಠಣ್, ಎಂದಿತು ಗಂಟೆ. ಆಮೇಲೆ ಠಕ್. ನಾವು ಮುಂದೆ ನಡೆದೆವು.